ಸಂಬಳವಿಲ್ಲದ ದುಡಿಮೆಗಾರರ ನಾಯಕರಲ್ಲಿ, ಅವರನ್ನು ಆರಿಸುವವರಲ್ಲಿ

ಓಪನ್ ಸೋರ್ಸ್ ಸಮುದಾಯಗಳಲ್ಲಿ ದುಡಿಯುವ, ಅಲ್ಲಿ ಮತ ಹಾಕುವ, ನಾಳೆ ಅಲ್ಲಿನ ಚುನಾವಣೆಗೆ ನಿಲ್ಲಲೂಬಹುದಾದ ಕನ್ನಡಿಗರೇ, ಈ ಮನವಿ ನಿಮಗೆ. ಬೆಂಗಳೂರಿನ ಕಂಪನಿಗಳಲ್ಲಿ, ಊರೂರಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ, ಹೊರದೇಶಗಳಲ್ಲಿ ನೀವಿದ್ದೀರಿ. ಹಗಲು ಸಂಬಳದ ಕೆಲಸ. ರಾತ್ರಿ, ಭಾನುವಾರ ಈ ಕೆಲಸ. ನಿಮ್ಮ ಹೆಸರಿನಲ್ಲಿ ತೀರ್ಮಾನ ಮಾಡುವವರು ಹೇಗಿರಬೇಕೆಂದು ಕೇಳುವ ಹಕ್ಕು ನಿಮಗಿದೆ. ಆ ಜಾಗಕ್ಕೆ ನೀವೇ ಬಂದರೆ ಹೇಗೆ ನಡೆದುಕೊಳ್ಳುತ್ತೀರಿ ಎಂಬುದನ್ನೂ ಈಗಲೇ ಯೋಚಿಸಿಡಿ.

ಡೆಬಿಯನ್ ಎಂಬ ಆಪರೇಟಿಂಗ್ ಸಿಸ್ಟಂ ನಿಮಗೆ ಗೊತ್ತೇ ಇದೆ. 1993ರ ಆಗಸ್ಟ್‌ನಲ್ಲಿ ಇಯಾನ್ ಮರ್ಡಾಕ್ ಶುರುಮಾಡಿದ್ದನ್ನು ಇಂದು ಹಲವು ದೇಶಗಳ ಸುಮಾರು ಸಾವಿರ ಅಧಿಕೃತ ಡೆವಲಪರ್‌ಗಳು ಸೇರಿ ನಡೆಸುತ್ತಿದ್ದಾರೆ. ಉಬುಂಟು ನಿಂತಿರುವುದು ಅದರ ಬುನಾದಿಯ ಮೇಲೆ. ಡೆಬಿಯನ್ ಇನ್‌ಸ್ಟಾಲ್ ಮಾಡುವಾಗ ಕಾಣುವ ಭಾಷೆಗಳ ಪಟ್ಟಿಯಲ್ಲಿ ಕನ್ನಡವಿದೆ, ಅದರ ತಂತ್ರಾಂಶ ಭಂಡಾರದಲ್ಲಿ ಗುಬ್ಬಿ ಎಂಬ ಕನ್ನಡ ಫಾಂಟ್ ಇದೆ. ಇವನ್ನು ಸೇರಿಸಿ ಎಂದು ಅಪ್ಪಣೆ ಕೊಡುವ ಅಧಿಕಾರ ಅಲ್ಲಿ ಯಾರಿಗೂ ಇಲ್ಲ. ಆಸೆಪಟ್ಟವರು ಮಾಡಿದರು, ಆಯಿತು.

1998ರಲ್ಲಿ ಈ ಸಮುದಾಯ ತನಗೊಂದು ಸಂವಿಧಾನ ಮಾಡಿಕೊಂಡಿತು. ಪ್ರತಿ ವರ್ಷ ನಾಯಕರ ಚುನಾವಣೆ ನಡೆಯುತ್ತದೆ. ಮತದಾರರು ಅಭ್ಯರ್ಥಿಗಳನ್ನು ಒಂದು, ಎರಡು, ಮೂರು ಎಂದು ತಮ್ಮ ಇಷ್ಟದ ಕ್ರಮದಲ್ಲಿ ಜೋಡಿಸುತ್ತಾರೆ. ಆ ಸಾಲಿನಲ್ಲಿ ‘ಇವರಾರೂ ಬೇಡ’ ಎಂಬುದೂ ಒಂದು. ನಮ್ಮ ವಿಧಾನಸಭೆ, ಲೋಕಸಭೆ ಚುನಾವಣೆಗಳ ನೋಟಾಗೆ ಹಲ್ಲಿಲ್ಲ, ಇದಕ್ಕೆ ಇದೆ. ಅದೇ ಗೆದ್ದರೆ ಮತ್ತೆ ಚುನಾವಣೆ, ಎಷ್ಟು ಸಲವಾದರೂ ಸರಿ.

ಹೀಗೆ ಆರಿಸಿ ಬಂದವರ ಕೈಗೆ ಸಿಗುವುದೇನು? ಯಾರ ಮೇಲೂ ಕೆಲಸ ಮಾಡಲೇಬೇಕೆಂಬ ಕಟ್ಟುಪಾಡಿಲ್ಲ ಎಂದು ಸಂವಿಧಾನವೇ ಹೇಳಿಬಿಟ್ಟಿದೆ. ನಾಯಕರು ಬೇರೆ ಬೇರೆ ಹೊಣೆಗಳಿಗೆ ಪ್ರತಿನಿಧಿಗಳನ್ನು ನೇಮಿಸಬಹುದು, ಬದಲಿಸಬಹುದು. ಆದರೆ ಪ್ರತಿನಿಧಿ ಒಮ್ಮೆ ತೀರ್ಮಾನಿಸಿದ ಮೇಲೆ ಅದನ್ನು ತಳ್ಳಿಹಾಕುವಂತಿಲ್ಲ. ‘ನಾನು ಹೇಳಿದಂತೆ ತೀರ್ಮಾನಿಸಿದರೆ ಮಾತ್ರ ಹುದ್ದೆ’ ಎಂದು ಷರತ್ತು ಹಾಕುವಂತೆಯೂ ಇಲ್ಲ. ನಿಗಮ-ಮಂಡಳಿಗಳ ನೇಮಕಾತಿಗಳನ್ನು ನೋಡುತ್ತ ಬೆಳೆದ ನಮಗೆ ಇದನ್ನು ಓದುವುದೇ ಒಂದು ಸುಖ. ತುರ್ತಿನ ತೀರ್ಮಾನಗಳು, ಯಾರ ಪಾಲಿಗೂ ಬಾರದ ತೀರ್ಮಾನಗಳು, ಸಮುದಾಯದ ಹಣದ ಖರ್ಚಿಗೆ ಒಪ್ಪಿಗೆ: ಇವು ನಾಯಕರಿಗೆ ಸೇರಿದವು. ಅವುಗಳಲ್ಲಿಯೂ ಸದಸ್ಯರ ಒಮ್ಮತ ಎತ್ತ ಇದೆಯೆಂದು ನೋಡಬೇಕು, ಸ್ವಂತ ಅಭಿಪ್ರಾಯವನ್ನು ಅತಿಯಾಗಿ ಮುಂದೆ ಮಾಡಬಾರದು ಎಂದು ಬರೆದಿಟ್ಟಿದ್ದಾರೆ.

ಬರೆದಿಟ್ಟ ಮಾತ್ರಕ್ಕೆ ಎಲ್ಲ ಸರಿಹೋಗುವುದಿಲ್ಲ. 2006ರಲ್ಲಿ ನಾಯಕರಾಗಿದ್ದ ಆಂಥನಿ ಟೌನ್ಸ್ ಇನ್ನು ಕೆಲವರೊಡನೆ ಸೇರಿ ‘ಡಂಕ್-ಟ್ಯಾಂಕ್’ ಎಂಬ ಪ್ರಯೋಗಕ್ಕೆ ಕೈಹಾಕಿದರು. ಮುಂದಿನ ಆವೃತ್ತಿ ‘ಎಚ್’ ಡಿಸೆಂಬರ್‌ನಲ್ಲಿ ಹೊರಬರಲೆಂದು, ಬಿಡುಗಡೆಯ ಹೊಣೆ ಹೊತ್ತಿದ್ದ ಇಬ್ಬರಿಗೆ ಹಣ ಕೊಟ್ಟು ಪೂರ್ಣಾವಧಿ ಕೂರಿಸುವ ಯೋಜನೆ. ಉದ್ದೇಶದಲ್ಲಿ ಕೊಂಕಿರಲಿಲ್ಲ. ಇದು ಡೆಬಿಯನ್‌ನ ಅಧಿಕೃತ ಕಾರ್ಯಕ್ರಮವಲ್ಲ, ಹೊರಗಿನದು ಎಂದೂ ಹೇಳಿದ್ದರು. ಆದರೆ ನಾಯಕರೇ ಮುಂದೆ ನಿಂತಾಗ ಒಳಗು ಯಾವುದು, ಹೊರಗು ಯಾವುದು? ಇಬ್ಬರ ಸಮಯಕ್ಕೆ ಬೆಲೆ ಕಟ್ಟಿದರೆ ವರ್ಷಗಟ್ಟಲೆ ಸುಮ್ಮನೆ ದುಡಿದ ಉಳಿದವರ ಸಮಯದ ಗತಿಯೇನು? ಅಸಮಾಧಾನ ಹಬ್ಬಿತು, ಕೆಲವರು ತಮ್ಮ ಕೆಲಸದಿಂದ ಹಿಂದೆ ಸರಿದರು. ನಾಯಕರನ್ನು ಕೆಳಗಿಳಿಸುವ ಗೊತ್ತುವಳಿಯೇ ಮತಕ್ಕೆ ಬಂತು, ಅದಕ್ಕೆ ಸೋಲಾಯಿತು. ‘ಎಚ್’ ಬಂದದ್ದು 2007ರ ಏಪ್ರಿಲ್‌ನಲ್ಲಿ. ತಡವಾದುದಕ್ಕೆ ಇದೊಂದೇ ಕಾರಣವೆನ್ನುವುದು ಅನ್ಯಾಯವಾದೀತು.

ಹಣ ಕೊಟ್ಟಿದ್ದೇ ತಪ್ಪು ಎಂದು ನನಗನ್ನಿಸುವುದಿಲ್ಲ. 2014ರಿಂದ ಹಳೆಯ ಆವೃತ್ತಿಗಳ ಭದ್ರತಾ ತಿದ್ದುಪಡಿ ಮಾಡುವ ಡೆವಲಪರ್‌ಗಳಿಗೆ ಕಂಪನಿಗಳು ಕೊಟ್ಟ ಹಣದಿಂದ ಸಂಭಾವನೆ ಸಿಗುತ್ತಲೇ ಇದೆ, ಅದಕ್ಕಾಗಿ ಯಾವ ನಾಯಕರ ಕುರ್ಚಿಯೂ ಅಲುಗಾಡಲಿಲ್ಲ. ಒಮ್ಮತ ಮೂಡದ ಪ್ರಯೋಗಕ್ಕೆ ಚುನಾಯಿತ ವ್ಯಕ್ತಿಯೇ ಮುಂದಾಳಾದದ್ದು ಎಡವಟ್ಟಾಯಿತು. ಆದ್ದರಿಂದ ಗೆದ್ದವರಲ್ಲಿ ನನ್ನ ಮೊದಲ ಕೋರಿಕೆ: ನಿಮಗೆ ಬಹಳ ಪ್ರಿಯವಾದ ಯೋಜನೆಯೊಂದಿದ್ದರೆ ಅದನ್ನು ಬೇರೆಯವರಿಗೆ ವಹಿಸಿ, ಇಲ್ಲವೇ ಅವಧಿ ಮುಗಿಯುವವರೆಗೆ ತಡೆದಿಡಿ.

ಎರಡನೆಯದು ನಡತೆಯ ನಿಯಮದ ವಿಚಾರ. ರಸ್ಟ್ ಭಾಷೆಯ ಸಮುದಾಯದಲ್ಲಿ ನಡತೆ ಸಂಹಿತೆ ನೋಡಿಕೊಳ್ಳುತ್ತಿದ್ದ ತಂಡ 2021ರ ನವೆಂಬರ್‌ನಲ್ಲಿ ಒಟ್ಟಾಗಿ ರಾಜೀನಾಮೆ ಕೊಟ್ಟಿತು. ಮೇಲಿರುವ ಕೋರ್ ತಂಡ ತನಗೆ ತಾನೇ ಹೊರತು ಯಾರಿಗೂ ಉತ್ತರ ಕೊಡಬೇಕಾಗಿಲ್ಲದ ಸ್ಥಿತಿಯಲ್ಲಿದೆ ಎಂಬುದು ಅವರ ದೂರು. ಹಳೆಯ ಏರ್ಪಾಡು ಹೋಗಿ 2023ರಲ್ಲಿ ಹೊಸ ನಾಯಕತ್ವ ಮಂಡಳಿ ಬರಬೇಕಾಯಿತು. ಹೊಸಬರ ಒಂದು ಒರಟು ಮಾತಿಗೆ ಎಚ್ಚರಿಕೆ ಕೊಡುವ ನೀವು, ನಿಮ್ಮ ಮೇಲಿನ ದೂರನ್ನು ಯಾರು ಕೇಳಬೇಕೆಂದು ಗೆದ್ದ ದಿನವೇ ಪ್ರಕಟಿಸಿ. ಕಂಪನಿಗಳ ಹಿಡಿತದ ಮೇಲೂ ಕಣ್ಣಿರಲಿ. ಪೈಥಾನ್ ಭಾಷೆಯ ಜನಕ ಗೀಡೋ ವಾನ್ ರಾಸಮ್ 2018ರಲ್ಲಿ ಅಧಿಕಾರ ಬಿಟ್ಟ ಮೇಲೆ ಆ ಸಮುದಾಯ ಐದು ಜನರ ಚುನಾಯಿತ ಮಂಡಳಿ ಮಾಡಿಕೊಂಡಿತು. ಒಂದೇ ಸಂಸ್ಥೆಯ ನೌಕರರು ಅದರಲ್ಲಿ ಇಬ್ಬರಿಗಿಂತ ಹೆಚ್ಚು ಇರುವಂತಿಲ್ಲ. ಯಾವ ಸಮುದಾಯವಾದರೂ ಕಣ್ಣುಮುಚ್ಚಿ ನಕಲು ಮಾಡಬಹುದಾದ ನಿಯಮವಿದು.

ತೀರ್ಮಾನವನ್ನೂ ಅದರ ಕಾರಣವನ್ನೂ ಎಲ್ಲರೂ ಓದುವ ಕಡೆ ಬರೆಯಿರಿ, ಖರ್ಚಿನ ಲೆಕ್ಕವನ್ನು ಕೇಳುವ ಮೊದಲೇ ಇಡಿ. ಇದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ.

ಮತದಾರರಿಗೂ ಎರಡು ಮಾತು ಹೇಳದೆ ಹೋಗಲಾರೆ. 2019ರಲ್ಲಿ ಡೆಬಿಯನ್ ನಾಯಕ ಸ್ಥಾನಕ್ಕೆ ಗಡುವಿನೊಳಗೆ ಒಬ್ಬರೂ ನಾಮಪತ್ರ ಹಾಕಲಿಲ್ಲ. ಒಂದು ವಾರ ವಿಸ್ತರಿಸಿದ ಮೇಲೆ ಅಭ್ಯರ್ಥಿಗಳು ಬಂದರು. ಆ ಹುದ್ದೆಗೂ ಸಂಬಳವಿಲ್ಲ, ಬೈಗುಳ ಮಾತ್ರ ಧಾರಾಳ. ನಾಯಕರ ಪ್ರತಿ ಪತ್ರದಲ್ಲೂ ಸಂಚು ಹುಡುಕುವ ಚಾಳಿಯನ್ನು ಬಿಡೋಣ, ಒಳ್ಳೆಯದು ಮಾಡಿದಾಗ ಒಂದು ಸಾಲು ಬರೆದು ಹೇಳೋಣ.

ಮುಂದಿನ ಚುನಾವಣೆಯಲ್ಲಿ ಅಭ್ಯರ್ಥಿಗಳ ಪ್ರಣಾಳಿಕೆಯನ್ನು ಪೂರ್ತಿ ಓದಿ. ಏನೇನು ಮಾಡುತ್ತೀರಿ ಎಂದು ಎಲ್ಲರೂ ಕೇಳುತ್ತಾರೆ. ಯಾವುದಕ್ಕೆ ಕೈಹಾಕುವುದಿಲ್ಲ, ನಿಮ್ಮ ಮೇಲೆ ದೂರು ಬಂದರೆ ಯಾರು ವಿಚಾರಿಸುತ್ತಾರೆ, ನಿಮ್ಮ ಕಂಪನಿಯ ಹಿತಕ್ಕೂ ಸಮುದಾಯದ ಹಿತಕ್ಕೂ ತಿಕ್ಕಾಟವಾದರೆ ಏನು ಮಾಡುತ್ತೀರಿ ಎಂದು ನೀವು ಕೇಳಿ. ಉತ್ತರ ಹಾರಿಕೆಯದಾದರೆ ‘ಇವರಾರೂ ಬೇಡ’ವನ್ನು ಆ ಹೆಸರಿಗಿಂತ ಮೇಲೆ ಹಾಕಲು ಹಿಂಜರಿಯಬೇಡಿ. ಯಾರ ಉತ್ತರವೂ ಒಪ್ಪಿಗೆಯಾಗದಿದ್ದರೆ ಮರುವರ್ಷ ನೀವೇ ನಿಲ್ಲಿ.