ಬ್ಲೇಡು ಹಿಡಿದ ಕೈ ನಮ್ಮದೇ ಆದಾಗ

ರಾಮಕೃಷ್ಣನಗರದ ನಮ್ಮ ಸ್ವಸಹಾಯ ಸಂಘದ ಸಭೆಯಲ್ಲಿ, ಉಳಿತಾಯದ ಲೆಕ್ಕ ಮುಗಿದ ಮೇಲೆ, ಹೆಣ್ಣುಮಕ್ಕಳ ಖತ್ನಾದ ಬಗ್ಗೆ ಮಾತೆತ್ತಿದೆ. ಒಂದು ಗಳಿಗೆ ಎಲ್ಲರೂ ಸುಮ್ಮನಾದರು. ಆಮೇಲೆ ಹಿರಿಯ ಸದಸ್ಯೆಯೊಬ್ಬರು, "ಇಂಥದ್ದೂ ಇದೆಯೇನಮ್ಮಾ? ಇದ್ದರೂ ಅದು ಯಾವುದೋ ದೇಶದ್ದು, ನಮಗ್ಯಾಕೆ?" ಎಂದರು. ಅವರಿಗೆ ಕೊಟ್ಟ ಉತ್ತರವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹೆಣ್ಣುಮಗುವಿನ ಗುಪ್ತಾಂಗದ ಸೂಕ್ಷ್ಮ ಭಾಗವನ್ನು ಕತ್ತರಿಸುವ ಪದ್ಧತಿ ಇದು. ಪ್ರಪಂಚದಲ್ಲಿ 23 ಕೋಟಿಗೂ ಹೆಚ್ಚು ಹೆಂಗಸರು ಇದಕ್ಕೆ ಒಳಗಾಗಿದ್ದಾರೆಂದು ಯುನಿಸೆಫ್ 2024ರಲ್ಲಿ ಹೇಳಿತು. ಆಫ್ರಿಕಾದಲ್ಲಿ ಹೆಚ್ಚು, ನಿಜ. ಆದರೆ ನಮ್ಮ ದೇಶದ ದಾವೂದಿ ಬೊಹ್ರಾ ಸಮುದಾಯದಲ್ಲೂ ಇದೆ. ಸಾಮಾನ್ಯವಾಗಿ ಏಳು ವರ್ಷದ ಹುಡುಗಿಯನ್ನು, ತಿಂಡಿ ಕೊಡಿಸುತ್ತೇನೆಂದೋ ಸುತ್ತಾಡಿಸುತ್ತೇನೆಂದೋ ಹೇಳಿ, ತಾಯಿಯೋ ಅಜ್ಜಿಯೋ ಕರೆದೊಯ್ಯುತ್ತಾರೆ. ಬ್ಲೇಡು ಹಿಡಿಯುವವಳೂ ಹೆಚ್ಚಾಗಿ ಹೆಂಗಸೇ.

ಇದರಿಂದ ಆರೋಗ್ಯಕ್ಕೆ ಯಾವ ಲಾಭವೂ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ರಕ್ತಸ್ರಾವ, ನಂಜು, ಮೂತ್ರದ ತೊಂದರೆ, ದಾಂಪತ್ಯದಲ್ಲಿ ನೋವು, ಹೆರಿಗೆಯಲ್ಲಿ ಅಪಾಯ, ಜೊತೆಗೆ ಜೀವನಪೂರ್ತಿ ಬಿಡದ ಭಯ. ಇಷ್ಟೆಲ್ಲ ಏತಕ್ಕೆ? ಹೆಣ್ಣಿನ ಆಸೆ ಹದ್ದುಬಸ್ತಿನಲ್ಲಿರಲಿ ಎಂದು!

ಇದನ್ನು ಹಿಡಿದುಕೊಂಡು ಮುಸಲ್ಮಾನರೆಲ್ಲರನ್ನೂ ದೂರುವವರಿದ್ದಾರೆ. ಅದು ತಪ್ಪು. ನಮ್ಮ ದೇಶದ ಬಹುಪಾಲು ಮುಸಲ್ಮಾನರಲ್ಲಿ ಈ ಪದ್ಧತಿಯೇ ಇಲ್ಲ. ಇದರ ವಿರುದ್ಧ ಮೊದಲು ದನಿ ಎತ್ತಿದವರೂ ಮಾಸೂಮಾ ರನಾಲ್ವಿಯಂಥ ಬೊಹ್ರಾ ಹೆಣ್ಣುಮಕ್ಕಳೇ. 2017ರಲ್ಲಿ ವಿಷಯ ಸುಪ್ರೀಂ ಕೋರ್ಟಿಗೆ ಬಂದಾಗ ಕೇಂದ್ರ ಸರ್ಕಾರ ತನ್ನ ಬಳಿ ಅಧಿಕೃತ ಅಂಕಿಅಂಶವೇ ಇಲ್ಲವೆಂದಿತು. ರನಾಲ್ವಿಯವರ ಸಂಘಟನೆ ಮಾಡಿಸಿದ ಅಧ್ಯಯನ 2018ರಲ್ಲಿ ಹೊರಬಂತು. ಅದರಲ್ಲಿ ಮಾತನಾಡಿಸಿದವರ ಏಳು ವರ್ಷ ದಾಟಿದ ಹೆಣ್ಣುಮಕ್ಕಳಲ್ಲಿ ಶೇ. 75ರಷ್ಟು ಮಂದಿಗೆ ಖತ್ನಾ ಆಗಿತ್ತು. ಅದೇ ವರ್ಷ ಕೋರ್ಟು ಮೊಕದ್ದಮೆಯನ್ನು ದೊಡ್ಡ ಪೀಠಕ್ಕೆ ಒಪ್ಪಿಸಿತು. ಇದಕ್ಕೆಂದೇ ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ.

ಇನ್ನು "ನಮಗ್ಯಾಕೆ" ಎಂಬ ಪ್ರಶ್ನೆ. ಸಂಪ್ರದಾಯದ ಹೆಸರಲ್ಲಿ ಹೆಣ್ಣಿನ ಮೈಗೆ ಕತ್ತಿ ಹಾಕುವುದು ನಮ್ಮ ಮೈಸೂರು ಸೀಮೆಯಲ್ಲೂ ಇತ್ತು. ಮೊರಸು ಒಕ್ಕಲಿಗರ ಒಂದು ಪಂಗಡದಲ್ಲಿ, ಹಿರಿಯ ಮಗಳ ಕಿವಿ ಚುಚ್ಚಿಸುವ ಮುಂಚೆ ತಾಯಿಯಾದವಳು ತನ್ನ ಬಲಗೈಯ ಎರಡು ಬೆರಳಿನ ತುದಿಗಳನ್ನು ದೇವರಿಗೆ ಕೊಡಬೇಕಿತ್ತು. ಊರಿನ ಕಮ್ಮಾರ ಉಳಿಯಿಟ್ಟು ಕತ್ತರಿಸುತ್ತಿದ್ದ. 1800ರಲ್ಲಿ ಈ ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇದನ್ನು ಬರೆದಿಟ್ಟಿದ್ದಾನೆ. ಮುಂದೆ ಸರ್ಕಾರ ಅದನ್ನು ನಿಷೇಧಿಸಿತು, ಪದ್ಧತಿ ಹೋಯಿತು. ದೇವರು ಮುನಿಯಲಿಲ್ಲ, ಮಳೆ ನಿಲ್ಲಲಿಲ್ಲ, ಯಾವ ಮಗಳ ಮದುವೆಯೂ ನಿಲ್ಲಲಿಲ್ಲ.

ಹಾಗಾದರೆ ಇಂಥವು ಯಾಕೆ ಉಳಿಯುತ್ತವೆ? ತಾಯಂದಿರು ಕ್ರೂರಿಗಳೆಂದಲ್ಲ. ಜಾತಿಯವರು ಏನಂದಾರು, ಮಗಳಿಗೆ ಗಂಡು ಸಿಗದಿದ್ದರೇನು ಗತಿ ಎಂಬ ಅಂಜಿಕೆಯಿಂದ. ಈ ಅಂಜಿಕೆ ನಮಗೆ ಗೊತ್ತಿಲ್ಲವೇ? ವರದಕ್ಷಿಣೆ ತಪ್ಪೆಂದು ಗೊತ್ತಿದ್ದೂ ಸಾಲ ಮಾಡಿ ಕೊಟ್ಟಿದ್ದೇವೆ. ಮಗನ ಮದುವೆಯಲ್ಲಿ ಅತ್ತೆಯಾಗಿ ಕೈಚಾಚಿದ್ದೇವೆ. 1961ರಲ್ಲೇ ಕಾನೂನು ಬಂದರೂ ವರದಕ್ಷಿಣೆ ಹೋಗಿಲ್ಲ. ಒಂದು ಮನೆ ಮಾತ್ರ ನಿಲ್ಲಿಸಿದರೆ ಆ ಮನೆಯ ಮಗಳೇ ಕಷ್ಟಕ್ಕೆ ಸಿಗುತ್ತಾಳೆ. ಅದಕ್ಕೇ ಯಾರೂ ಮೊದಲು ನಿಲ್ಲಿಸುವುದಿಲ್ಲ.

ದಾರಿ ತೋರಿಸಿದವರು ನಮ್ಮಂಥ ಹೆಂಗಸರೇ. ಆಫ್ರಿಕಾದ ಸೆನೆಗಲ್ ದೇಶದ ಮಾಲಿಕೌಂಡಾ ಬಂಬಾರಾ ಎಂಬ ಹಳ್ಳಿಯ ಹೆಂಗಸರು ಅಕ್ಷರ ಕಲಿಯುವ ತರಗತಿಯಲ್ಲಿ ಕೂತು ತಮ್ಮ ಆರೋಗ್ಯದ ಬಗ್ಗೆ, ಹಕ್ಕುಗಳ ಬಗ್ಗೆ ಮಾತನಾಡಿದರು. 1997ರ ಜುಲೈನಲ್ಲಿ, ನಮ್ಮ ಹೆಣ್ಣುಮಕ್ಕಳಿಗೆ ಇನ್ನು ಇದನ್ನು ಮಾಡಿಸುವುದಿಲ್ಲವೆಂದು ಎಲ್ಲರೆದುರು ಸಾರಿದರು. ಆಮೇಲೆ ಹೆಣ್ಣು ಕೊಟ್ಟು ತರುವ ಸುತ್ತಲಿನ ಹಳ್ಳಿಗಳೂ ಒಟ್ಟಾಗಿ ನಿರ್ಧರಿಸಬೇಕೆಂಬ ತಿಳುವಳಿಕೆ ಬಂತು. ಎಲ್ಲರೂ ಒಟ್ಟಿಗೆ ಬಿಟ್ಟಾಗ ಗಂಡು ಸಿಗದೆಂಬ ಹೆದರಿಕೆಯೇ ಇಲ್ಲವಾಯಿತು. 1999ರಲ್ಲಿ ಅಲ್ಲಿ ಕಾನೂನೂ ಆಯಿತು.

ಗೆಳತಿಯರೇ, ವಾರವಾರ ಸೇರುವ ನಮ್ಮ ಸಂಘಕ್ಕೂ ಅಂಥ ಶಕ್ತಿಯಿದೆ. ಹತ್ತಿಪ್ಪತ್ತು ಮನೆಯವರು ಕೂಡಿ "ವರದಕ್ಷಿಣೆ ಕೊಡುವುದಿಲ್ಲ, ತೆಗೆದುಕೊಳ್ಳುವುದಿಲ್ಲ" ಎಂದು ಪುಸ್ತಕದಲ್ಲಿ ಬರೆದು ರುಜು ಹಾಕೋಣ. ನಮ್ಮ ಬೀಗರ ಊರಿನ ಸಂಘಗಳನ್ನೂ ಸೇರಿಸಿಕೊಳ್ಳೋಣ. ಖತ್ನಾದ ವಿರುದ್ಧ ಹೋರಾಡುವ ಸೋದರಿಯರ ಜೊತೆಗೆ ನಿಲ್ಲೋಣ. ಯಾವ ಧರ್ಮದ ಮನೆಯಲ್ಲೇ ಆಗಲಿ, ಒಂದು ಮಗುವಿಗೆ ಹಿಂಸೆಯಾಗುತ್ತಿದೆ ಎಂದು ತಿಳಿದರೆ 1098ಕ್ಕೆ ಫೋನು ಮಾಡೋಣ.

ಅಂದು ಸಭೆಯ ಕೊನೆಗೆ ಆ ಹಿರಿಯರು ಕೇಳಿದರು: "ಆ ಮಗೂನ ಕರ್ಕೊಂಡು ಹೋದೋಳು ಅದರ ಅಜ್ಜೀನೇ ಅಂತೀಯಲ್ಲ, ಆವಮ್ಮನಿಗೂ ಚಿಕ್ಕವಳಿದ್ದಾಗ ನೋವಾಗಿತ್ತಲ್ವಾ?" ಆಗಿತ್ತು. ಆ ನೋವನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಅದಕ್ಕೇ ಅದು ಮೊಮ್ಮಗಳವರೆಗೂ ಬಂತು. ನಾವಾದರೂ ಹೇಳೋಣ.