ಹಲ್ಲುಜ್ಜೋ ಪಾಠ ಸಾಕು, ಹಲ್ಲಿನ ಡಾಕ್ಟರ್ ಕೇರಿಗೆ ಬರಲಿ



ಭೂಮಿ, ಮೀಸಲಾತಿ, ದೌರ್ಜನ್ಯದ ಬಗ್ಗೆ ಬರೆಯೋನು ಇವತ್ತು ಹಲ್ಲಿನ ಬಗ್ಗೆ ಬರೀತಿದ್ದಾನೆ ಅಂತ ನಗಬೇಡಿ. ಹಲ್ಲುನೋವಿಗೆ ರಾತ್ರಿಯೆಲ್ಲ ಅತ್ತ ಮಗು ಬೆಳಿಗ್ಗೆ ಶಾಲೆಗೆ ಹೋಗಲ್ಲ. ಹೋದರೂ ಪಾಠ ತಲೆಗೆ ಹತ್ತಲ್ಲ. ಬಿಸಿಯೂಟದ ತಟ್ಟೆ ಮುಂದಿದ್ದರೂ ಅಗಿಯೋಕಾಗಲ್ಲ.

ಇಂಥ ಮಗುವನ್ನ ನೋಡಿದವರ ಬಾಯಲ್ಲಿ ನಾನು ಹೆಚ್ಚು ಕೇಳಿರೋ ಮಾತು ಒಂದೇ: "ಇವರು ಹಲ್ಲೇ ಉಜ್ಜಲ್ಲ, ಕ್ಲೀನ್ ಇರಲ್ಲ." ಈ ಮಾತು ನಮಗೆ ಹೊಸದಲ್ಲ. ಗಲೀಜು ಜನ ಅಂತ ಹೇಳಿಯೇ ನಮ್ಮನ್ನ ಊರಾಚೆ ಇಟ್ಟಿದ್ದು.

ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆ ಹೋಗಿ ನೋಡಿ. ಬೋರ್‌ವೆಲ್ ನೀರಲ್ಲಿ ಫ್ಲೋರೈಡ್. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನೋದು ನಿಯಮ. ಒಸಡಿನೊಳಗೆ ಹಲ್ಲು ಬೆಳೆಯೋ ವಯಸ್ಸಲ್ಲಿ ಅದಕ್ಕಿಂತ ಹೆಚ್ಚಿರೋ ನೀರು ಕುಡಿದರೆ, ಹುಟ್ಟೋ ಹಲ್ಲು ಹಳದಿ, ಕಂದು ಕಲೆ ಹೊತ್ತೇ ಬರುತ್ತೆ. ಎಷ್ಟು ಉಜ್ಜಿದರೂ ಹೋಗಲ್ಲ. ದುಡ್ಡಿದ್ದವರು ಕ್ಯಾನ್ ನೀರು ತರಿಸ್ತಾರೆ, ಕೂಲಿ ಮಾಡೋರಿಗೆ ಬೋರ್ ನೀರೇ ಗತಿ. ಅಲ್ಲಿನ ಹುಡುಗಿ ಬಾಯಿಗೆ ಕೈ ಅಡ್ಡ ಇಟ್ಟು ನಗ್ತಾಳೆ ಅಂದ್ರೆ ತಪ್ಪು ಅವಳದ್ದಾ, ನೀರಿನದ್ದಾ?

ಇನ್ನು ಹುಳುಕು ಹಲ್ಲು. ಕೂಲಿಗೆ ಹೊರಟ ತಾಯಿ ಅಳೋ ಮಗು ಕೈಗೆ ಐದು ರೂಪಾಯಿ ಬಿಸ್ಕತ್ ಪ್ಯಾಕೆಟ್ ಕೊಡ್ತಾಳೆ. ಅವಳನ್ನ ಬೈಯೋದು ಸುಲಭ. ಆದ್ರೆ ಒಂದು ವಿಷಯ ನಮ್ಮೋರೂ ತಿಳ್ಕೋಬೇಕು. "ಹಾಲುಹಲ್ಲು ತಾನೇ, ಬಿದ್ದೋಗುತ್ತೆ ಬಿಡು" ಅಂತೀವಲ್ಲ, ಹಾಲಿನ ದವಡೆಹಲ್ಲು ಹತ್ತು-ಹನ್ನೆರಡು ವರ್ಷದವರೆಗೂ ಇರಬೇಕು. ಹೊಸ ಹಲ್ಲಿಗೆ ಜಾಗ ಕಾಯೋದು ಅದೇ. ಸುಮಾರು ಆರನೇ ವರ್ಷಕ್ಕೆ, ಹಳೇ ಹಲ್ಲು ಬೀಳದೆಯೇ, ಹಿಂದುಗಡೆ ಹೊಸ ದವಡೆಹಲ್ಲು ಹುಟ್ಟುತ್ತೆ. ಅದು ಜೀವನಪೂರ್ತಿ ಇರಬೇಕಾದ ಹಲ್ಲು. ಹಾಲುಹಲ್ಲು ಅಂದ್ಕೊಂಡು ಅದನ್ನೇ ಕಳ್ಕೋತೀವಿ.

ತೋರಿಸೋಣ ಅಂದ್ರೆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಾಮಾನ್ಯವಾಗಿ ಹಲ್ಲಿನ ಡಾಕ್ಟರ್ ಇರಲ್ಲ. ತಾಲ್ಲೂಕು ಆಸ್ಪತ್ರೆಗೇ ಹೋಗಬೇಕು. ಶಕ್ತಿ ಯೋಜನೆಯಿಂದ ತಾಯಿಗೆ ಬಸ್ ಫ್ರೀ ಆಯ್ತು, ಆ ದಿನದ ಕೂಲಿ ಯಾರು ಕೊಡ್ತಾರೆ? ಹುಳುಕು ಬೇರಿನ ತನಕ ಹೋಗಿದ್ದರೆ, ಉಳಿಸೋಕೆ ಎರಡು-ಮೂರು ಸಲ ಓಡಾಡಬೇಕು, ಕೀಳಿಸೋಕೆ ಒಂದೇ ಸಲ ಸಾಕು. ಅದಕ್ಕೇ ಬಡವರು ಹಲ್ಲು ಕೀಳಿಸಿಕೊಂಡು ಬರ್ತಾರೆ. ಡೆಂಟಲ್ ಕಾಲೇಜುಗಳಿಗೆ ಬರವಿಲ್ಲದ ರಾಜ್ಯ ನಮ್ಮದು, ನೆನಪಿರಲಿ.

ಯೋಜನೆ ಇಲ್ಲ ಅಂತಲ್ಲ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ. ಅದರ ತಂಡ ವರ್ಷಕ್ಕೊಮ್ಮೆ ಸರ್ಕಾರಿ ಶಾಲೆಗೆ, ಎರಡು ಸಲ ಅಂಗನವಾಡಿಗೆ ಬರಬೇಕು. ತಪಾಸಣೆ ಪಟ್ಟಿಯಲ್ಲಿ ಹಲ್ಲಿನ ತೊಂದರೆಯೂ ಇದೆ. ಚೀಟಿ ಬರೆದ ಮೇಲೆ ಮಗು ಆಸ್ಪತ್ರೆ ತಲುಪಿತಾ ಅಂತ ಕೇಳೋರು ಯಾರು? ಹಲ್ಲು ಉದುರಿದ ಬಡ ಹಿರಿಯರಿಗೆ ದಂತಭಾಗ್ಯದಲ್ಲಿ ಉಚಿತ ಹಲ್ಲುಸೆಟ್ಟು ಕೊಟ್ಟರು, ಒಳ್ಳೇದೇ. ಉದುರೋ ಮೊದಲೂ ಬನ್ನಿ ಸ್ವಾಮಿ.

ನಾವು ಕೇಳಬೇಕಾಗಿರೋದು ಇಷ್ಟು:

1. ಡೆಂಟಲ್ ಕಾಲೇಜುಗಳ ಸಂಚಾರಿ ವಾಹನ ನಿಗದಿತ ದಿನ ಕೇರಿಗೆ, ಸಮಾಜ ಕಲ್ಯಾಣ ಹಾಸ್ಟೆಲ್‌ಗೆ ಬರಲಿ. ಭಾಷಣ ಬೇಡ, ಅಲ್ಲೇ ಹುಳುಕು ತುಂಬಿ ಹೋಗಲಿ.

2. ಎಸ್‌ಸಿಎಸ್‌ಪಿ-ಟಿಎಸ್‌ಪಿ ಹಣ ನಮ್ಮ ಏಳಿಗೆಗೇ ಅಂತ 2013ರ ಕಾಯ್ದೆ ಇದೆ. ಮಗುವನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋ ಖರ್ಚು, ತಾಯಿಯ ಒಂದು ದಿನದ ಕೂಲಿ ಅದರಿಂದ ಕೊಡಲಿ.

3. ಫ್ಲೋರೈಡ್ ಊರುಗಳಲ್ಲಿ ಶುದ್ಧ ನೀರಿನ ಘಟಕ ಕೇರಿಯಲ್ಲೂ ಇರಲಿ, ಕೆಟ್ಟರೆ ವಾರದೊಳಗೆ ರಿಪೇರಿ ಆಗಲಿ. 1927ರಲ್ಲಿ ಮಹಾಡ್ ಕೆರೆಯಲ್ಲಿ ಬಾಬಾಸಾಹೇಬರು ನೀರಿನ ಹಕ್ಕು ಕೇಳಿದರು. ಮಕ್ಕಳ ಹಲ್ಲು ಹಾಳುಮಾಡದ ನೀರು ಕೇಳೋದೂ ಅದೇ ಹಕ್ಕು.

ತಾಯಂದಿರೇ, ಅಣ್ಣಂದಿರೇ, ಇವತ್ತು ರಾತ್ರಿ ಮಕ್ಕಳ ಬಾಯಿ ತೆರೆಸಿ ಒಂದು ಸಲ ನೋಡಿ. ಕಪ್ಪು ಚುಕ್ಕೆ ಕಂಡರೆ ನೋವು ಬರೋ ತನಕ ಕಾಯಬೇಡಿ. ಶಾಲೆಗೆ ತಪಾಸಣೆ ತಂಡ ಯಾವಾಗ ಬಂದಿತ್ತು ಅಂತ ಹೆಡ್‌ಮಾಸ್ಟರ್ ಹತ್ರ ಕೇಳಿ, ಕಾಮೆಂಟಲ್ಲಿ ಊರ ಹೆಸರಿನ ಜೊತೆ ಬರೀರಿ. ಪಟ್ಟಿ ಮಾಡಿ ಜಿಲ್ಲಾ ಆರೋಗ್ಯಾಧಿಕಾರಿಗೆ ಮನವಿ ಕೊಡೋಣ.

ಜೈಭೀಮ್.