ಓಟು ರಾವೂರದ್ದು, ಹುಕುಂ ದಿಲ್ಲಿಯದ್ದು



ಅಮೆರಿಕದಲ್ಲಿ ರಾಜ್ಯದ ಗವರ್ನರ್ ಆಗಬೇಕಾದವರು ಊರೂರು ತಿರುಗಿ ಓಟು ಕೇಳಬೇಕು. ನಮ್ಮ ರಾಜ್ಯಪಾಲರು ಯಾರ ಅಂಗಳಕ್ಕೂ ಬರೋದಿಲ್ಲ, ಅವರನ್ನು ದಿಲ್ಲಿ ಕಳಿಸುತ್ತದೆ. ಮುಖ್ಯಮಂತ್ರಿಯನ್ನಾದರೂ ಕೂಡಿಸೋರು ನಾವೇ ಅಂತ ತಿಳಿದಿದ್ದೇವೆ. ಅದೂ ಎಷ್ಟು ಖರೆ?

ನಮ್ಮ ಚಿಂಚೋಳಿಯ ವೀರೇಂದ್ರ ಪಾಟೀಲರನ್ನು ನೆನೆಸಿರಿ. 1989ರ ಚುನಾವಣೆಯಲ್ಲಿ ಅವರ ಮುಂದಾಳುತನದಲ್ಲಿ ಕಾಂಗ್ರೆಸ್ಸಿಗೆ 178 ಸ್ಥಾನ ಬಂದವು. ನವೆಂಬರ್ 30ಕ್ಕೆ ಗಾದಿ ಏರಿದರು. ವರ್ಷ ತುಂಬಲಿಲ್ಲ. 1990ರ ಅಕ್ಟೋಬರದಲ್ಲಿ, ಪಾರ್ಶ್ವವಾಯು ಬಡಿದು ಮಲಗಿದ್ದ ಪಾಟೀಲರನ್ನು ನೋಡಿಹೋದ ರಾಜೀವ್ ಗಾಂಧಿ, ಬೆಂಗಳೂರಿನ ವಿಮಾನ ನಿಲ್ದಾಣದಲ್ಲೇ ಮುಖ್ಯಮಂತ್ರಿ ಬದಲಾಗುತ್ತಾರೆ ಅಂತ ಹೇಳಿಬಿಟ್ಟರು! ಪಾಟೀಲರು ಜಗ್ಗಲಿಲ್ಲ. ಓಟು ಕೇಳದ ರಾಜ್ಯಪಾಲರ ವರದಿ ಹೋಯಿತು, 10ನೇ ತಾರೀಖಿಗೆ ರಾಷ್ಟ್ರಪತಿ ಆಳ್ವಿಕೆ ಬಂತು, 17ಕ್ಕೆ ಬಂಗಾರಪ್ಪನವರು ಬಂದರು. ಪಾಟೀಲರು ರೈತರ ಪಾಲಿನ ದೇವರೇನಲ್ಲ, ಆ ಮಾತು ಬೇರೆ. ಆದರೆ ನಾವು ಆರಿಸಿ ಕಳಿಸಿದ ಶಾಸಕರು ಹಳ್ಳಿಗೆ ಬಂದು ನಮ್ಮನ್ನೊಂದು ಮಾತು ಕೇಳಿದರೇ?

ಅದೇ 1990ರಲ್ಲಿ 10,000 ರೂಪಾಯಿವರೆಗಿನ ಸಾಲಮನ್ನಾ ಬಂದದ್ದೂ ದಿಲ್ಲಿಯಿಂದ. 2025-26ಕ್ಕೆ ತೊಗರಿ ಕ್ವಿಂಟಲಿಗೆ 8,000 ರೂಪಾಯಿ ಬೆಂಬಲ ಬೆಲೆ ಬರೆದದ್ದೂ ಅಲ್ಲಿಯೇ. ಬರೆದರೆ ಸಾಲದು, ರಾಶಿಯಾಗುವ ಹೊತ್ತಿಗೆ ಖರೀದಿ ಕೇಂದ್ರ ತೆರೀಬೇಕು. ಇಲ್ಲವಾದರೆ ಸಾಲಗಾರ ರೈತ ಅಡತಿಗೆ ಹೋಗಿ ಕೇಳಿದ ರೇಟಿಗೆ ಕೊಟ್ಟು ಬರುತ್ತಾನೆ.

ರಾವೂರಕ್ಕೆ ಓಟು ಕೇಳಲು ಬಂದವರು "ಈ ಸಲ ಮುಖ್ಯಮಂತ್ರಿ ನಮ್ಮ ಕಡೆಯವರೇ ಆಗ್ತಾರ" ಅಂದರೆ ಹಿಗ್ಗಬೇಡಿರಿ. ದಿಲ್ಲಿ ಹುಕುಂ ಬಂದ ದಿನ ನೀವು ಯಾರ ಕಡೆ ನಿಲ್ಲುತ್ತೀರಿ, ನಮ್ಮ ತೊಗರಿ ಯಾವ ವಾರ ತೂಗಿಸ್ತೀರಿ ಅಂತ ಚಾವಡಿಯಲ್ಲಿ ಕೂಡಿಸಿ ಕೇಳಿರಿ.